ಕಿಡಿ ಇತ್ತು, ದಮ್ ಇರಲಿಲ್ಲ: ಭೀಮಾ ದಂಡೆಯ 40 ಎಚ್‌ಪಿ ಔಟ್‌ಬೋರ್ಡ್ ರಿಪೇರಿ ದಾಖಲೆ

ಔಟ್‌ಬೋರ್ಡ್ ಎಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ತೂಗುಹಾಕುವ ಇಂಜಿನ್. ಈ ಇಂಜಿನ್ ಎರಡು ಸ್ಟ್ರೋಕಿನದು, ಎರಡು ಸಿಲಿಂಡರ್, 40 ಎಚ್‌ಪಿ, ಹಗ್ಗ ಎಳೆದು ಚಾಲೂ ಮಾಡುವಂಥದ್ದು. ಪೆಟ್ರೋಲು ಗಾಳಿ ಬೆರೆಸುವ ಕಾರ್ಬೋರೇಟರ್ ಎರಡೂ ಸಿಲಿಂಡರಿಗೆ ಸೇರಿ ಒಂದೇ, ಕಿಡಿಗೆ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯ್ಲ್ ಮಾತ್ರ ಒಂದೊಂದಕ್ಕೆ ಒಂದೊಂದು. ಈ ಎರಡು ಸಂಗತಿ ನೆನಪಿನಲ್ಲಿಡಿ, ಗಂಟು ಬಿಚ್ಚಿಕೊಳ್ಳುವುದು ಇವುಗಳಿಂದಲೇ. ಕೂರಿಸಿರುವುದು ಎಂಟು ಜನರ ಫೈಬರ್ ಬೋಟಿಗೆ. ಬೋಟ್ ಇರುವುದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಗೆ. ಮಹಾರಾಷ್ಟ್ರದ ಉಜನಿಯಿಂದಲೋ ವೀರ್ ಅಣೆಕಟ್ಟಿನಿಂದಲೋ ನೀರು ಬಿಟ್ಟು ಹೊಳೆ ಏರಿದಾಗ ಇದಕ್ಕೆ ಕೆಲಸ. ಉಳಿದ ತಿಂಗಳೆಲ್ಲ ತಗಡಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿದ್ದೆ.

ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲು ತೆಗೆದು, ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಟ್ಟು ಓಡಿಸಿ ನೋಡಿದಾಗ ಬಂದ ದೂರು ಇಷ್ಟೇ: "ಡ್ರಮ್ಮಿನ್ಯಾಗ ಛಲೋ ಓಡ್ತದ, ಹೊಳ್ಯಾಗ ನಾಕ್ ಮಂದಿ ಕೂತ್ರ ಏಳವಲ್ದು." ಜೊತೆಗೆ ಇನ್ನೊಂದು ಮಾತು: "ಪ್ಲಗ್ ಬಿಚ್ಚಿ ಹೆಡ್ಡಿಗೆ ಹಚ್ಚಿ ನೋಡೀವಿ, ಕಿಡಿ ಬರ್ತದ. ಪ್ಲಗ್ ಛಲೋನೇ ಅದ."

ಎರಡನೆಯ ಮಾತಿನಲ್ಲೇ ಎಡವಟ್ಟು. ಪ್ಲಗ್ ಕೂರುವುದು ಸಿಲಿಂಡರಿನ ಮುಚ್ಚಳವಾದ ಹೆಡ್ಡಿನಲ್ಲಿ. ಅದರ ತುದಿಯ ಎರಡು ಎಲೆಕ್ಟ್ರೋಡುಗಳ ನಡುವಿನ ಸಂದಿಯೇ ಗ್ಯಾಪ್, ಅಲ್ಲಿ ಹಾರುವ ಕಿಡಿಯೇ ಪೆಟ್ರೋಲು ಹೊತ್ತಿಸುವುದು. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದಕ್ಕೆ ಬೇಕಾದ ವೋಲ್ಟೇಜೇ ಬೇರೆ, ಪಿಸ್ಟನ್ ಒತ್ತಿ ಹಿಡಿದ ಪೆಟ್ರೋಲ್ ಗಾಳಿಯ ನಡುವೆ ಹಾರುವುದಕ್ಕೆ ಬೇಕಾದದ್ದೇ ಬೇರೆ. ಒತ್ತಡ ಹೆಚ್ಚಿದಷ್ಟೂ ಕಿಡಿ ಜಿಗಿಯುವುದು ಕಷ್ಟ. ನಿಧಾನ ಓಡುವಾಗ ಸಿಲಿಂಡರಿಗೆ ಗಾಳಿ ಕಡಿಮೆ ಹೋಗುತ್ತದೆ, ಒತ್ತಡವೂ ಕಡಿಮೆ, ಬಡಕಲು ಕಿಡಿಯೂ ಅಲ್ಲಿ ಹೇಗೋ ದಾಟಿಕೊಳ್ಳುತ್ತದೆ. ಫುಲ್ ರೇಸ್ ಕೊಟ್ಟಾಗ ಸಿಲಿಂಡರ್ ತುಂಬುತ್ತದೆ, ಆಗ ಕರೆಂಟು ಗ್ಯಾಪ್ ಬಿಟ್ಟು ಸಸಾರವಾದ ಬೇರೆ ದಾರಿ ಹುಡುಕುತ್ತದೆ. ತೂತು ಬಿದ್ದ ಪೈಪಿನಲ್ಲಿ ತಗ್ಗಿನ ಹೊಲಕ್ಕೆ ನೀರು ಹೋಗುತ್ತದೆ, ದಿಬ್ಬದ ಹೊಲಕ್ಕೆ ಏರುವುದಿಲ್ಲ. ಪೈಪು ಅದೇ, ಪಂಪು ಅದೇ. ಡ್ರಮ್ಮಿನಲ್ಲಿ ಓಡಿಸಿ ನೋಡುವುದು ತಗ್ಗಿನ ಹೊಲಕ್ಕೆ ನೀರು ಬಿಟ್ಟು ನೋಡಿದ ಹಾಗೆ.

ಆದ್ದರಿಂದ ಏನನ್ನೂ ಬಿಚ್ಚದೆ ಮೊದಲು ನೀರಿಗೆ. ಸೊನ್ನ ಬ್ಯಾರೇಜಿನ ಹಿನ್ನೀರಿನಲ್ಲಿ, ಗೇಟುಗಳಿಂದ ದೂರದಲ್ಲಿ, ನಾಲ್ಕು ಜನ, 24 ಲೀಟರಿನ ಒಂದು ಟ್ಯಾಂಕು. ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನೋಡಲು ಪ್ಲಗ್ ವೈರಿಗೆ ಸುತ್ತುವ ಅಗ್ಗದ ಟ್ಯಾಕೋಮೀಟರ್ ಸಾಕು. ಅದನ್ನು ಒಂದು ಸುತ್ತಿಗೆ ಒಂದು ಕಿಡಿ ಎಂದು ಸೆಟ್ ಮಾಡಬೇಕು. ಬೈಕಿನ ನಾಲ್ಕು ಸ್ಟ್ರೋಕಿನ ಸೆಟ್ಟಿಂಗಿನಲ್ಲೇ ಬಿಟ್ಟರೆ ಮೀಟರು ಸುಳ್ಳು ಹೇಳುತ್ತದೆ. ಒಂದೇ ಕಾಯ್ಲ್ ಎರಡೂ ಪ್ಲಗ್ಗಿಗೆ ಒಟ್ಟಿಗೆ ಹೊಡೆಯುವ ಇಂಜಿನ್ನಾದರೆ ಸುತ್ತಿಗೆ ಎರಡು ಕಿಡಿ ಆಗಬಹುದು, ಅದನ್ನೂ ನೋಡಿಕೊಳ್ಳಿ.

ಬಂದ ಲೆಕ್ಕ: ಫುಲ್ ರೇಸಿನಲ್ಲಿ 3350. ಈ ಇಂಜಿನ್ನಿನ ಕೈಪಿಡಿ ಫುಲ್ ರೇಸಿಗೆ ಹೇಳುವುದು 4500ರಿಂದ 5500. ಬೋಟಿನ ಮೂತಿ ಮೇಲೆದ್ದು ನಿಂತಿತೇ ಹೊರತು ಹಿಂಭಾಗ ನೀರಿನಿಂದ ಏಳಲಿಲ್ಲ. ಹಿಂದೆ ನೀರಿನ ಮೇಲೆ ಅಂಗೈ ಅಗಲದ ಬಣ್ಣಬಣ್ಣದ ಎಣ್ಣೆ ಪದರ ಬಿಡುತ್ತಾ ಹೋಯಿತು. ಎರಡು ಸ್ಟ್ರೋಕಿನಲ್ಲಿ ಸ್ವಲ್ಪ ಎಣ್ಣೆ ಹೋಗುವುದು ಮಾಮೂಲಿ, ಆದರೆ ಇಷ್ಟು ಅಲ್ಲ. ಒಂದು ಸಿಲಿಂಡರ್ ಉರಿಯದಿದ್ದರೆ ಅದರ ಪಾಲಿನ ಪೆಟ್ರೋಲು ಹಾಗೆಹಾಗೇ ಸೈಲೆನ್ಸರಿನಿಂದ ಹೊಳೆಗೆ. ಕೆಲಸ ಅರ್ಧ, ಖರ್ಚು ಪೂರ್ತಿ. ಪ್ರವಾಹದ ನಡುವೆ ಟ್ಯಾಂಕು ಲೆಕ್ಕಕ್ಕಿಂತ ಮೊದಲೇ ಬರಿದಾಗುವುದು ಹೀಗೆ.

ಬಿಚ್ಚುವಾಗ

ಇಂಜಿನ್ ಪೂರ್ತಿ ತಣ್ಣಗಾಗಲಿ. ಹೆಡ್ಡು ಅಲ್ಯೂಮಿನಿಯಂ, ಬಿಸಿ ಇರುವಾಗ ಪ್ಲಗ್ ತಿರುವಿದರೆ ಥ್ರೆಡ್ ಕಿತ್ತುಕೊಂಡು ಬರುತ್ತದೆ. ಈ ಬೋಟಿನ ಎರಡೂ ಪ್ಲಗ್ಗಿನ ಬುಡದಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ಕೆದಕದೆ ಪ್ಲಗ್ ತೆಗೆದರೆ ಮಣ್ಣು ನೇರ ಸಿಲಿಂಡರಿಗೆ. ಕಡ್ಡಿಯಿಂದ ಬಿಡಿಸಿ, ಸೈಕಲ್ ಪಂಪಿನಿಂದ ಊದಿ, ಆಮೇಲೆ ಪಾನಾ ಹಚ್ಚಬೇಕು. ಈ ಪ್ಲಗ್ಗಿಗೆ 20.8 ಮಿ.ಮೀ. ಷಟ್ಕೋನ. ಅಂಗಡಿಯಲ್ಲಿ 21 ನಂಬರ್ ಪ್ಲಗ್ ಪಾನಾ ಎಂದೇ ಸಿಗುತ್ತದೆ. ಒಳಗೆ ರಬ್ಬರ್ ಇರುವುದನ್ನೇ ಕೊಳ್ಳಿ, ಪಾನಾ ವಾರೆಯಾದರೆ ಪ್ಲಗ್ಗಿನ ಬಿಳಿ ಪಿಂಗಾಣಿಗೆ ಕೂದಲೆಳೆ ಸೀಳು ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಪ್ಲಗ್ಗಿನ ತಲೆಗೆ ಕಾಯ್ಲಿನ ವೈರ್ ಸೇರಿಸುವ ಕ್ಯಾಪ್ ತೆಗೆಯುವಾಗ ವೈರ್ ಹಿಡಿದು ಎಳೆಯಬೇಡಿ, ಕ್ಯಾಪನ್ನೇ ಹಿಡಿದು ತುಸು ತಿರುವಿ ಎಳೆಯಿರಿ. ತೆಗೆದ ಪ್ಲಗ್ಗುಗಳನ್ನು ಥರ್ಮಕೋಲಿನ ತುಂಡಿಗೆ ಚುಚ್ಚಿ "ಮೇಲಿನದು", "ಕೆಳಗಿನದು" ಎಂದು ಬರೆದಿಡಿ. ಮುಖ್ಯವಾದ ಮಾತು, ಒರೆಸಬೇಡಿ. ಪ್ಲಗ್ ಬಿಚ್ಚಿದ ಕೂಡಲೇ ಪ್ಯಾಂಟಿಗೆ ಉಜ್ಜುವ ಚಾಳಿ ಬಹಳ ಮೆಕ್ಯಾನಿಕ್ಕರಿಗೆ ಇದೆ. ಒಳಗೆ ಏನು ನಡೆದಿದೆ ಎಂಬುದಕ್ಕೆ ಇರುವ ಒಂದೇ ಸಾಕ್ಷಿಯನ್ನು ಅಲ್ಲೇ ಅಳಿಸಿಬಿಡುತ್ತಾರೆ. ಹೊಸ ಪ್ಲಗ್ಗು ಹಾಕಿದರೆ ಆಯಿತಲ್ಲ ಎನ್ನುವವರಿಗೆ ಉತ್ತರ: ಹೊಸದೂ ಅದೇ ಸ್ಥಿತಿಗೆ ಬರುತ್ತದೆ, ಅದೂ ನಡುಹೊಳೆಯಲ್ಲಿ.

ಎರಡು ಪ್ಲಗ್, ಎರಡು ಬಣ್ಣ

ಕೆಳಗಿನ ಪ್ಲಗ್ ಕಪ್ಪಗೆ, ಒದ್ದೆ. ತುದಿಯ ಪಿಂಗಾಣಿ ಕಾಣುತ್ತಲೇ ಇರಲಿಲ್ಲ, ಕಾಡಿಗೆಯಂಥ ಜಿಡ್ಡು ಒಳಗಿನವರೆಗೆ. ಆ ಒದ್ದೆ ಏನೆಂದು ಮೊದಲು ತಿಳಿಯಬೇಕು. ಹಳೆ ದಿನಪತ್ರಿಕೆಯ ಮೇಲೆ ಪ್ಲಗ್ ಬೋರಲು ಒತ್ತಿದಾಗ ಬಿದ್ದ ಕಲೆಯ ಅಂಚು ಎರಡು ನಿಮಿಷದಲ್ಲಿ ಆರಿತು, ಅದು ಪೆಟ್ರೋಲು. ನಡುವಿನ ಮಚ್ಚೆ ಆರದೆ ಕಾಗದದಾಚೆಯ ಅಕ್ಷರ ಕಾಣುವಷ್ಟು ಪಾರದರ್ಶಕವಾಗಿ ಉಳಿಯಿತು, ಅದು ಎಣ್ಣೆ. ನೀರಿದ್ದರೆ ಎಣ್ಣೆಯಿಂದ ಬೇರೆಯಾಗಿ ಹನಿಗಟ್ಟಿ ಕೂರುತ್ತಿತ್ತು, ಪ್ಲಗ್ಗಿನ ಕಬ್ಬಿಣದ ಅಂಚಿಗೆ ತುಕ್ಕಿನ ಗೆರೆಯೂ ಇರುತ್ತಿತ್ತು. ಎರಡೂ ಇರಲಿಲ್ಲವಾದ್ದರಿಂದ ಕೂಲಿಂಗ್ ನೀರು ಸಿಲಿಂಡರಿಗೆ ನುಗ್ಗದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ಟಿನ ಮೇಲಿನ ಅನುಮಾನ ಅಲ್ಲಿಗೆ ಕಡಿಮೆಯಾಯಿತು.

ಭೂತಗನ್ನಡಿ ಹಿಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ನಡುವಿನ ಎಲೆಕ್ಟ್ರೋಡಿನ ಅಂಚು ಹೊಸದರಲ್ಲಿ ಚೂಪಾಗಿ ಕತ್ತರಿಸಿದಂತೆ ಇರುತ್ತದೆ, ಇದರಲ್ಲಿ ಸವೆದು ಗುಂಡಗಾಗಿತ್ತು. ಕಿಡಿ ಚೂಪು ಅಂಚಿನಿಂದ ಬೇಗ ಜಿಗಿಯುತ್ತದೆ, ಗುಂಡು ಅಂಚಿನಿಂದ ಜಿಗಿಯಲು ಹೆಚ್ಚು ವೋಲ್ಟೇಜ್ ಬೇಕು. ಸಂದಿ ಅಳೆಯುವ ಫೀಲರ್ ಗೇಜ್ ಹಾಕಿದಾಗ ಗ್ಯಾಪ್ 1.35 ಮಿ.ಮೀ., ಇರಬೇಕಾದದ್ದು 1.0. 5000 ಆರ್‌ಪಿಎಂನಲ್ಲಿ ಈ ಪ್ಲಗ್ಗು ಸೆಕೆಂಡಿಗೆ 83 ಸಲ ಕಿಡಿ ಹೊಡೆಯಬೇಕು. ಪ್ರತಿ ಕಿಡಿಗೂ ಲೋಹ ಕಣದಷ್ಟು ತಿನ್ನುತ್ತಾ ಹೋದರೆ ಗ್ಯಾಪ್ ಅಗಲವಾಗದೆ ಏನಾಗುತ್ತದೆ?

ಕೊನೆಗೆ ಮೆಗ್ಗರ್, ಕರೆಂಟು ಎಲ್ಲಾದರೂ ಸೋರುತ್ತಿದೆಯೇ ಎಂದು ಅಳೆಯುವುದು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಪಂಪ್‌ಸೆಟ್ ಪರೀಕ್ಷಿಸುವ ಅದೇ ಮೀಟರು. ಒಂದು ತುದಿ ಪ್ಲಗ್ಗಿನ ತಲೆಗೆ, ಇನ್ನೊಂದು ಥ್ರೆಡ್ಡಿಗೆ. ಒಳ್ಳೆಯ ಪ್ಲಗ್ 10 ಮೆಗಾಓಮ್‌ಗಿಂತ ಮೇಲಿರಬೇಕು, ಇದು ತೋರಿಸಿದ್ದು 0.4. ಎಂದರೆ ಪಿಂಗಾಣಿಯ ಮೇಲಿನ ಮಸಿಯೇ ತಂತಿಯಾಗಿದೆ. ಗ್ಯಾಪ್ ದಾಟುವ ಮೊದಲೇ ಕರೆಂಟು ಮಸಿಯ ಮೇಲೆ ಹರಿದು ಬಾಡಿಗೆ ಇಳಿಯುತ್ತಿದೆ. ಪೈಪಿನ ತೂತು ಇದೇ.

ಮೇಲಿನ ಪ್ಲಗ್ಗು ಮಾತ್ರ ನೋಡಲು ಹೊಸದು, ಸ್ವಚ್ಛ. ಅಲ್ಲಿದ್ದವರೆಲ್ಲ "ಇದು ಛಲೋ ಅದ ಬಿಡ್ರಿ" ಎಂದರು. ಬಿಡುವ ಹಾಗಿರಲಿಲ್ಲ. ಆರೋಗ್ಯವಂತ ಪ್ಲಗ್ಗಿನ ತುದಿ ತಿಳಿ ಕಂದು, ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ. ಇದು ಸುಣ್ಣದಂತೆ ಬೆಳ್ಳಗೆ, ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಚುಕ್ಕೆಗಳು. ಅತಿಯಾದ ಬಿಸಿಯ ಲಕ್ಷಣ. ಚುಕ್ಕೆಗಳ ನಡುವೆ ಮಿಂಚುವ ಬೆಳ್ಳಿ ಹರಳು ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಆಗ ಪ್ಲಗ್ಗಿನ ಮಾತು ಬಿಟ್ಟು ಹೆಡ್ಡೇ ಬಿಚ್ಚಬೇಕು. ಸದ್ಯ ಹರಳು ಇರಲಿಲ್ಲ. ಟಾರ್ಚ್ ಬಿಟ್ಟು ಪ್ಲಗ್ ತೂತಿನಿಂದ ನೋಡಿದಾಗ ಪಿಸ್ಟನ್ ತಲೆಯೂ ನುಣುಪಾಗಿಯೇ ಇತ್ತು.

ಬಿಳಿ ಬಣ್ಣದ ಮೂಲ ಅದರ ಮೈಮೇಲಿನ ನಂಬರಿನಲ್ಲೇ ಇತ್ತು. ಕೆಳಗಿನದು ಎನ್‌ಜಿಕೆ ಬಿ7ಎಚ್‌ಎಸ್-10, ಕೈಪಿಡಿ ಹೇಳುವುದೂ ಅದನ್ನೇ. ಮೇಲಿನದು ಬಿಪಿಆರ್6ಎಚ್‌ಎಸ್. ಕೈಗೆ ಸುಲಭವಾಗಿ ಸಿಗುವ ಮೇಲಿನ ಪ್ಲಗ್ಗನ್ನಷ್ಟೇ ಯಾರೋ ಬದಲಿಸಿ, ಬಗ್ಗಿ ಬಿಚ್ಚಬೇಕಾದ ಕೆಳಗಿನದನ್ನು ಹಾಗೇ ಬಿಟ್ಟಿದ್ದಾರೆ. ಥ್ರೆಡ್ ಕೂತಿತು ಎಂದರೆ ಪ್ಲಗ್ ಹೊಂದಿತು ಎಂದಲ್ಲ. ಈ ಅಕ್ಷರಗಳನ್ನು ಹೀಗೆ ಓದಬೇಕು: ಬಿ ಎಂದರೆ 14 ಮಿ.ಮೀ. ಥ್ರೆಡ್. ಎಚ್ ಎಂದರೆ ಥ್ರೆಡ್ಡಿನ ಉದ್ದ 12.7 ಮಿ.ಮೀ. ಇದರ ಜಾಗದಲ್ಲಿ ಇ ಇದ್ದರೆ 19 ಮಿ.ಮೀ., ಅಂಥದ್ದನ್ನು ಇಲ್ಲಿ ಹಾಕಿದರೆ ಪಿಸ್ಟನ್ನಿಗೆ ಬಡಿಯುವ ಭಯ. ಆರ್ ಎಂದರೆ ಒಳಗೆ ಕರೆಂಟಿಗೆ ಅಡ್ಡಿ ಒಡ್ಡುವ ರೆಸಿಸ್ಟರ್ ಇದೆ, ಸುಮಾರು 5 ಕಿಲೋಓಮ್. ಪಿ ಎಂದರೆ ಪಿಂಗಾಣಿ ಮೂಗು ಥ್ರೆಡ್ಡಿನಿಂದ ಮುಂದಕ್ಕೆ ಚಾಚಿದೆ. ಕೊನೆಯ 10 ಎಂದರೆ ಗ್ಯಾಪ್ 1.0 ಮಿ.ಮೀ.

ನಡುವಿನ ಅಂಕಿ ಶಾಖದ್ದು, ಜನ ಜಾಸ್ತಿ ಎಡವುವುದು ಇಲ್ಲೇ. ಎನ್‌ಜಿಕೆ ಮತ್ತು ಡೆನ್ಸೋದಲ್ಲಿ ಅಂಕಿ ಏರಿದಷ್ಟೂ ತಣ್ಣನೆಯ ಪ್ಲಗ್ಗು. ಚಾಂಪಿಯನ್, ಬಾಷ್‌ಗಳಲ್ಲಿ ಉಲ್ಟಾ, ಅಂಕಿ ಏರಿದಷ್ಟೂ ಬಿಸಿ. ಎನ್‌ಜಿಕೆಯ 7 ಡೆನ್ಸೋದಲ್ಲಿ 22. ತಣ್ಣನೆ, ಬಿಸಿ ಎನ್ನುವುದು ಕಿಡಿಯ ಬಿಸಿಯಲ್ಲ. ತುದಿಗೆ ತಗುಲಿದ ಶಾಖವನ್ನು ಪ್ಲಗ್ಗು ಎಷ್ಟು ಬೇಗ ಹೆಡ್ಡಿಗೆ ದಾಟಿಸುತ್ತದೆ ಎಂಬ ಲೆಕ್ಕ. ತುದಿ ಸುಮಾರು 450 ಡಿಗ್ರಿಗಿಂತ ಕೆಳಗಿದ್ದರೆ ಮಸಿ ಸುಟ್ಟುಹೋಗದೆ ಕೂರುತ್ತದೆ. 850 ದಾಟಿದರೆ ತುದಿಯೇ ಕೆಂಡವಾಗಿ, ಕಿಡಿಗೆ ಕಾಯದೆ ಪೆಟ್ರೋಲು ಹೊತ್ತಿಕೊಂಡು ಪಿಸ್ಟನ್ನಿಗೆ ಎದುರೇಟು ಕೊಡುತ್ತದೆ. ಪ್ಲಗ್ಗು ಬದುಕಬೇಕಾದದ್ದು ಈ ಎರಡರ ನಡುವೆ. ಮೇಲಿನ ಸಿಲಿಂಡರಿನ 6ನೇ ನಂಬರಿನ, ಮೂಗು ಚಾಚಿದ ಪ್ಲಗ್ಗು ಮೇಲಿನ ಅಂಚಿಗೆ ಹೋಗಿ ನಿಂತಿತ್ತು. ಕೆಳಗಿನ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲವಾದ್ದರಿಂದ ಇದು ಒಂದೇ ಇಡೀ ಬೋಟನ್ನು ಎಳೆಯುತ್ತಿತ್ತು, ಹೊರೆಯೂ ಜಾಸ್ತಿ.

ಒಂದು ಬಿಳಿ, ಒಂದು ಕಪ್ಪು. ಕಾರ್ಬೋರೇಟರ್ ಒಂದೇ, ಎರಡೂ ಕುಡಿಯುವುದು ಒಂದೇ ಪೆಟ್ರೋಲು, ಒಂದೇ ಎಣ್ಣೆ. ಮಿಶ್ರಣವೇ ಕಾರಣವಾಗಿದ್ದರೆ ಎರಡೂ ಒಂದೇ ದಿಕ್ಕಿಗೆ ಕೆಡಬೇಕಿತ್ತು. ಆದ್ದರಿಂದ ಮೊದಲು ಕಾರ್ಬೋರೇಟರ್ ಬಿಚ್ಚಲು ಕೈ ಹಾಕುವುದು ಬೇಡ, ಆಯಾ ಸಿಲಿಂಡರಿಗೆ ಮಾತ್ರ ಸೇರಿದ ಭಾಗಗಳನ್ನು ನೋಡಬೇಕು: ಪ್ಲಗ್, ಕ್ಯಾಪ್, ವೈರ್, ಕಾಯ್ಲ್, ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ).

ಕಂಪ್ರೆಷನ್, ನೀರು, ಎಣ್ಣೆ

ಎರಡೂ ಪ್ಲಗ್ ತೆಗೆದು, ತುರ್ತು ಬಂದ್ ಮಾಡುವ ಕೆಂಪು ಹಗ್ಗದ ಕ್ಲಿಪ್ ಕಿತ್ತು, ರೇಸ್ ಪೂರ್ತಿ ತೆರೆದು, ಐದು ಸಲ ಹಗ್ಗ ಎಳೆದಾಗ ಮೇಲೆ 114 ಪಿಎಸ್‌ಐ, ಕೆಳಗೆ 118. ಅಂಕಿಗಿಂತ ಎರಡರ ನಡುವಿನ ಅಂತರ ಮುಖ್ಯ. ಹತ್ತು ಹದಿನೈದು ಶೇಕಡಕ್ಕಿಂತ ಹೆಚ್ಚು ಫರಕಿದ್ದರೆ ರಿಂಗು, ಗ್ಯಾಸ್ಕೆಟ್ಟು ನೋಡಬೇಕು. ಇಲ್ಲಿ ಸರಿ ಇತ್ತು.

ಮೇಲಿನ ಪ್ಲಗ್ಗಿನ ಬಿಳುಪಿಗೆ ನಂಬರು ಒಂದು ಕಾರಣ, ಕೂಲಿಂಗ್ ಇನ್ನೊಂದು. ಕೂಲಿಂಗ್ ನೀರು ಓಡುತ್ತಿದೆ ಎಂದು ತೋರಿಸಲು ಇಂಜಿನ್ನಿನ ಪಕ್ಕದಿಂದ ಬರಬೇಕಾದ ಕಿರುಧಾರೆ ಬೆರಳಿನಷ್ಟು ದೂರಕ್ಕೂ ಚಿಮ್ಮುತ್ತಿರಲಿಲ್ಲ. ಭೀಮಾ ಏರಿದಾಗ ಬರುವುದು ನೀರಲ್ಲ, ಅರ್ಧ ಎರೆಮಣ್ಣು. ಆ ನುಣ್ಣನೆ ಹೂಳು ವಾಟರ್ ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಇಂಪೆಲರನ್ನು ಅರೆಯುತ್ತದೆ, ಬಿಸಿಗೆ ತಕ್ಕಂತೆ ನೀರು ಬಿಡುವ ಥರ್ಮೋಸ್ಟಾಟಿನ ಗೂಡಿನಲ್ಲಿ ಕೂತು ಇಟ್ಟಿಗೆಯಾಗುತ್ತದೆ. ಇಂಪೆಲರ್ ಹೊಸದು ಹಾಕಿ, ಥರ್ಮೋಸ್ಟಾಟ್ ಗೂಡಿನ ಮಣ್ಣು ಮರದ ಕಡ್ಡಿಯಿಂದ ಕೆತ್ತಿ, ಎರಡೂ ತುದಿಯಿಂದ ಸಿಹಿನೀರು ಹಾಯಿಸಿದ ಮೇಲೆ ಧಾರೆ ಸರಿಹೋಯಿತು. ನೀರು ಎಳೆದುಕೊಳ್ಳುವ ಜಾಲರಿಯಲ್ಲಿ ತೊಗರಿ ಕಟ್ಟಿಗೆಯ ಸಿಬಿರು ಸಿಕ್ಕಿಕೊಂಡಿತ್ತು. ಹೊಲಕ್ಕೆ ನೀರು ನುಗ್ಗಿದ ಕಡೆ ಬೋಟು ಓಡಿಸಿದರೆ ಇದು ತಪ್ಪಿದ್ದಲ್ಲ.

ಟ್ಯಾಂಕಿನಲ್ಲಿದ್ದದ್ದು ಹೋದ ಮಳೆಗಾಲದ ಪೆಟ್ರೋಲು. ಗಾಜಿನ ಬಾಟಲಿಗೆ ಸುರಿದು ರಾತ್ರಿ ಇಟ್ಟಾಗ ತಳದಲ್ಲಿ ಎರಡು ಬೆರಳು ಬೇರೆ ಪದರ. ಎಥನಾಲ್ ಬೆರೆತ ಪೆಟ್ರೋಲು ನೀರನ್ನು ಹೀರುತ್ತದೆ, ಮಿತಿ ಮೀರಿದಾಗ ಎಥನಾಲು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಕೊಳವೆ ಹೀರುವುದೂ ತಳದಿಂದಲೇ. ಅಷ್ಟನ್ನೂ ತೆಗೆದುಹಾಕಲಾಯಿತು.

ಎಣ್ಣೆಯ ವಿಷಯಕ್ಕೆ ಸ್ವಲ್ಪ ಜಗಳವೇ ಆಯಿತು. ಹಾಕುತ್ತಿದ್ದದ್ದು ಬೈಕಿನ 2ಟಿ ಎಣ್ಣೆ, ಅದೂ 24 ಲೀಟರಿಗೆ 800 ಮಿ.ಲೀ. "ಎಣ್ಣಿ ಜಾಸ್ತಿ ಇದ್ರ ಇಂಜಿನ್‌ಗೆ ಛಲೋ ಅಲ್ಲೇನ್ರಿ" ಎಂಬ ನಂಬಿಕೆ. ಈ ಇಂಜಿನ್ನಿಗೆ ಬೇಕಾದದ್ದು 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ., 24 ಲೀಟರಿಗೆ 480. ಹೊಸ ಇಂಜಿನ್ನಿನ ಮೊದಲ ಗಂಟೆಗಳಿಗೆ ಮಾತ್ರ ದುಪ್ಪಟ್ಟು. ಎಣ್ಣೆ ಹೆಚ್ಚಿದರೆ ಎರಡು ಕೇಡು: ಉರಿಯದ ಎಣ್ಣೆ ಪ್ಲಗ್ಗಿಗೆ ಮೆತ್ತುತ್ತದೆ, ಕಾರ್ಬೋರೇಟರಿನ ಸಣ್ಣ ತೂತಾದ ಜೆಟ್ಟಿನಿಂದ ಹೋಗುವ ಅಷ್ಟೇ ದ್ರವದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ಬಡವಾಗುತ್ತದೆ. ಇನ್ನು ಬೈಕಿನ ಎಣ್ಣೆ. ಗಾಳಿಯಿಂದ ತಣಿಯುವ ಬಿಸಿ ಇಂಜಿನ್ನಿಗೆಂದು ಮಾಡಿದ ಆ ಎಣ್ಣೆಗಳಲ್ಲಿ ಬೂದಿ ಬಿಡುವ ಸೇರ್ಪಡೆ ಇರುತ್ತದೆ. ನೀರಿನಿಂದ ತಣಿಯುವ ಔಟ್‌ಬೋರ್ಡಿಗೆ ಬೂದಿ ಬಿಡದ ಟಿಸಿ-ಡಬ್ಲ್ಯೂ3 ಎಂದು ಡಬ್ಬದ ಮೇಲೆ ಬರೆದಿರುವುದೇ ಬೇಕು. ಬೂದಿಯ ಕಣ ಗ್ಯಾಪಿಗೆ ಅಡ್ಡ ಕೂತು ಸೇತುವೆ ಕಟ್ಟಿದರೆ ಆ ಸಿಲಿಂಡರ್ ಏಕ್‌ದಂ ಬಂದ್. ಹತ್ತಿರದಲ್ಲಿ ಟಿಸಿ-ಡಬ್ಲ್ಯೂ3 ಸಿಗುವುದಿಲ್ಲ, ಮಳೆಗಾಲ ಪೂರ್ತಿಗೆ ಬೇಕಾದಷ್ಟನ್ನು ಮೊದಲೇ ತರಿಸಿಡಬೇಕು.

ಹೊಸ ಪ್ಲಗ್ ಕೂರಿಸಿದ್ದು

ಹಳೆಯದನ್ನು ಸ್ವಚ್ಛ ಮಾಡಿ ಹಾಕಬಾರದೇ? ವೈರ್ ಬ್ರಷ್ಷಿನಿಂದ ಉಜ್ಜಿದರೆ ಬ್ರಷ್ಷಿನ ಲೋಹ ಪಿಂಗಾಣಿಯ ಮೇಲೆ ಗೆರೆ ಬಿಡುತ್ತದೆ, ಮಸಿ ಹೋಗಿ ತಂತಿ ಬಂದ ಹಾಗೆ. ಮರಳಿನ ಯಂತ್ರದಲ್ಲಿ ಹೊಡೆಸಿದರೆ ಒಂದೆರಡು ಕಣ ಒಳಸಂದಿಯಲ್ಲಿ ಉಳಿದು ಆಮೇಲೆ ಸಿಲಿಂಡರಿಗೆ ಬೀಳುತ್ತದೆ. ಗ್ಯಾಸಿನ ಒಲೆಯಲ್ಲಿ ಕೆಂಪಗೆ ಕಾಯಿಸುವವರೂ ಇದ್ದಾರೆ. ಇನ್ನೊಬ್ಬರ ಜೀವ ಕೂರಿಸಿಕೊಂಡು ಹೋಗುವ ಬೋಟಿಗೆ ಇವು ಯಾವುದೂ ಬೇಡ.

ಎರಡು ಹೊಸ ಬಿ7ಎಚ್‌ಎಸ್-10. ಒಂದನ್ನೇ ಎಂದೂ ಬದಲಿಸಬೇಡಿ. ಕೊಳ್ಳುವಾಗ ನಕಲಿಯ ಮೇಲೂ ಕಣ್ಣಿರಲಿ: ಅಚ್ಚು ಉಗುರಿನಿಂದ ಕೆರೆದರೆ ಅಳಿಯುತ್ತದೆ, ಬದಿಯ ಎಲೆಕ್ಟ್ರೋಡ್ ನಡುವಿನದರ ನೆತ್ತಿಗೆ ನೇರ ಇರದೆ ವಾರೆ ಇರುತ್ತದೆ, ವಾಷರ್ ಕೈಯಲ್ಲಿ ಜಾರಿ ಬೀಳುತ್ತದೆ. ಇಂಥ ಮೂರು ಪ್ಲಗ್ಗುಗಳನ್ನು ಒಂದೇ ಅಂಗಡಿಯ ಡಬ್ಬದಿಂದ ವಾಪಸ್ ಕೊಡಬೇಕಾಯಿತು.

ಪೊಟ್ಟಣದಿಂದ ಬಂದ ಗ್ಯಾಪನ್ನು ನಂಬದೆ ಅಳೆಯಿರಿ. ಒಂದರಲ್ಲಿ 1.0, ಇನ್ನೊಂದರಲ್ಲಿ 0.85 ಇತ್ತು, ಸಾಗಾಟದಲ್ಲಿ ಬಿದ್ದಿರಬೇಕು. ಬಗ್ಗಿಸುವುದಾದರೆ ಬದಿಯ ಎಲೆಕ್ಟ್ರೋಡನ್ನು ಮಾತ್ರ, ನಡುವಿನದನ್ನು ಮೀಟಿದರೆ ಪಿಂಗಾಣಿ ಒಡೆಯುತ್ತದೆ. ಗೇಜಿನ ಎಲೆ ಸಣ್ಣ ಹಿಡಿತದೊಂದಿಗೆ ಜಾರಬೇಕು, ತೂರಿಸಿ ತಳ್ಳುವಂತಿರಬಾರದು.

ಥ್ರೆಡ್ಡಿಗೆ ಗ್ರೀಸ್ ಹಚ್ಚಲಿಲ್ಲ. ಮೆರುಗು ಹಾಕಿದ ಪ್ಲಗ್ಗಿಗೆ ಅದರ ಅಗತ್ಯವಿಲ್ಲ, ಜಾರುವುದರಿಂದ ಬಿಗಿ ಮಿತಿ ಮೀರುತ್ತದೆ. ಮೊದಲು ಪಾನಾ ಇಲ್ಲದೆ ಬರಿ ಬೆರಳಿನಿಂದ ಕೊನೆಯವರೆಗೆ ತಿರುವಬೇಕು. ನಡುವೆ ಗಟ್ಟಿಯಾದರೆ ಥ್ರೆಡ್ ಹಲ್ಲು ತಪ್ಪಿದೆ ಎಂದೇ ಅರ್ಥ, ತೆಗೆದು ಮತ್ತೆ ಹಾಕಿ. ವಾಷರ್ ಹೆಡ್ಡಿಗೆ ಮುಟ್ಟಿದ ಮೇಲೆ ಹೊಸ ಪ್ಲಗ್ಗಿಗೆ ಅರ್ಧ ಸುತ್ತು. ಟಾರ್ಕ್ ಪಾನಾ ಇದ್ದರೆ 25 ನ್ಯೂಟನ್ ಮೀಟರ್. ಒಮ್ಮೆ ಬಿಗಿದು ಬಿಚ್ಚಿದ ಪ್ಲಗ್ಗಿಗೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು. ಸಡಿಲ ಬಿಟ್ಟರೂ ಕೆಡುಕೇ: ಶಾಖ ಹೆಡ್ಡಿಗೆ ಇಳಿಯುವುದು ಆ ವಾಷರ್ ಮೂಲಕ, ಸಡಿಲವಿದ್ದರೆ ಸರಿಯಾದ ನಂಬರಿನ ಪ್ಲಗ್ಗೂ ಬೆಳ್ಳಗೆ ಸುಡುತ್ತದೆ.

ಮತ್ತೆ ಸೊನ್ನದ ಹಿನ್ನೀರು, ಅದೇ ನಾಲ್ಕು ಜನ, ಅದೇ ಟ್ಯಾಂಕಿಗೆ ಹೊಸ ಪೆಟ್ರೋಲು. 4600. ಬೋಟ್ ಎದ್ದಿತು, ಎಲ್ಲರಿಗೂ ಖುಷಿ. ಆದರೆ 4200 ದಾಟಿದ ಮೇಲೆ ಆಗಾಗ ಬಿಕ್ಕಳಿಕೆ, ಟ್ಯಾಕೋಮೀಟರಿನ ಅಂಕಿ ಒಂದು ಕ್ಷಣ ಕುಸಿದು ಮತ್ತೆ ಏರುವುದು. ಪ್ರಾಪೆಲರ್ ಭಾರವಾಗಿದ್ದರೆ ಅಂಕಿ ಒಂದೇ ಕಡೆ ಕಟ್ಟಿಹಾಕಿದಂತೆ ನಿಲ್ಲುತ್ತದೆ, ಕುಣಿಯುವುದಿಲ್ಲ. ಕುಣಿದರೆ ಅದು ಕಿಡಿ ತಪ್ಪುತ್ತಿರುವ ಲಕ್ಷಣ. ದಂಡೆಗೆ ಬಂದು ಬಿಚ್ಚಿದರೆ ಮೇಲಿನದು ಸರಿ, ಕೆಳಗಿನದು ಆಗಲೇ ಮಸುಕು ಕಪ್ಪು, ಈ ಸಲ ಒಣದು.

ಕ್ಯಾಪ್

ಮೊದಲ ದಿನವೇ ಕ್ಯಾಪುಗಳನ್ನು ಅಳೆಯದೆ ಬಿಟ್ಟದ್ದು ನಮ್ಮ ತಪ್ಪು. ಕೆಟ್ಟ ಪ್ಲಗ್ಗು ಕೈಗೆ ಸಿಕ್ಕಿತೆಂದು ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿದ್ದೆವು.

ಇದರಲ್ಲಿ ಕ್ಯಾಪ್ ವೈರಿಗೆ ಸ್ಕ್ರೂವಿನಂತೆ ತಿರುವಿ ಕೂರುತ್ತದೆ, ಎಡಕ್ಕೆ ತಿರುವಿದರೆ ಬರುತ್ತದೆ. ಒಳಗಿನ ರೆಸಿಸ್ಟರ್ 5 ಕಿಲೋಓಮ್ ಇರಬೇಕು. ಮೇಲಿನದು 5.2. ಕೆಳಗಿನದು 27, ಅಲುಗಾಡಿಸಿದರೆ ಮೀಟರು ಏನೂ ತೋರಿಸದೆ ಖಾಲಿ. ಕ್ಯಾಪ್ ಹೋದ ವೈರಿನ ತುದಿಯ ತಾಮ್ರ ಹಸಿರು ಹಿಡಿದು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಪ್ರವಾಹದ ಕೆಸರು ನೀರು ರಬ್ಬರಿನ ಸಂದಿಯಿಂದ ಒಳಗಿಳಿದು ತಿಂಗಳುಗಟ್ಟಲೆ ಅಲ್ಲೇ ಕೂತ ಫಲ. ಡ್ರಮ್ಮಿನಲ್ಲಿ ನಿಧಾನ ಓಡುವಾಗ ಇಷ್ಟು ಅಡ್ಡಿಯನ್ನೂ ದಾಟಿ ಕಿಡಿ ಬರುತ್ತಿತ್ತು. ಹೆಡ್ಡಿಗೆ ಹಚ್ಚಿ ನೋಡಿದವರಿಗೆ ಕಂಡದ್ದೂ ಅದೇ ಕಿಡಿ.

ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ, ಸುಮಾರು 10 ಮಿ.ಮೀ. ಕತ್ತರಿಸಿ, ಹೊಸ 5 ಕಿಲೋಓಮ್ ಕ್ಯಾಪ್ ತಿರುವಿ ಹಾಕಿದ್ದಾಯಿತು. ಬಾಯಿಯ ರಬ್ಬರಿನೊಳಗೆ ಕಡಲೆ ಬೇಳೆಯಷ್ಟು ಡೈಎಲೆಕ್ಟ್ರಿಕ್ ಗ್ರೀಸ್. ಆಮೇಲೂ ಕಪ್ಪಾಗಿದ್ದರೆ ಮುಂದಿನ ಹೆಜ್ಜೆ ಎರಡು ಕಾಯ್ಲುಗಳನ್ನು ಅದಲುಬದಲು ಮಾಡುವುದು. ದೋಷ ಕಾಯ್ಲಿನ ಜೊತೆ ಇನ್ನೊಂದು ಸಿಲಿಂಡರಿಗೆ ಹೋದರೆ ಕಾಯ್ಲು, ಹೋಗದಿದ್ದರೆ ಅದರ ಹಿಂದಿನ ಸಿಡಿಐ, ಅಂದರೆ ಕಾಯ್ಲಿಗೆ ಕರೆಂಟು ಬಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಕಿಡಿ ಪರೀಕ್ಷಿಸುವಾಗ ಎರಡು ಎಚ್ಚರ. ಕ್ಯಾಪನ್ನು ಗಾಳಿಯಲ್ಲಿ ನೇತುಬಿಟ್ಟು ಹಗ್ಗ ಎಳೆಯಬೇಡಿ, ದಾರಿ ಸಿಗದ ವೋಲ್ಟೇಜ್ ಕಾಯ್ಲನ್ನೋ ಸಿಡಿಐಯನ್ನೋ ಸುಡುತ್ತದೆ. ಹಳೆ ಪ್ಲಗ್ಗೊಂದನ್ನು ಸಿಕ್ಕಿಸಿ ಬಾಡಿಗೆ ತಾಗಿಸಿಡಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುವಾಗ ಅದರ ಪಕ್ಕದಲ್ಲೇ ಕಿಡಿ ಹೊಡೆಸಬೇಡಿ.

ಮೂರನೇ ಸಲ ನೀರಿಗೆ: ನಾಲ್ಕು ಜನಕ್ಕೆ 5150, ಬಿಕ್ಕಳಿಕೆ ಇಲ್ಲ.

ಬಣ್ಣ ಖಚಿತ ಮಾಡಿಕೊಳ್ಳಲು ಇಬ್ಬರೇ ಹೋಗಿ, ಐದು ನಿಮಿಷ ಫುಲ್ ರೇಸಿನಲ್ಲಿ ಓಡಿಸಿ, ರೇಸ್ ಇಳಿಸದೆ ಹಾಗೇ ಸ್ಟಾಪ್ ಬಟನ್ ಒತ್ತಿ, ನ್ಯೂಟ್ರಲ್ ಮಾಡಿ ಅಲ್ಲೇ ಪ್ಲಗ್ ತೆಗೆಯಬೇಕು. ನಿಧಾನ ಮಾಡಿಕೊಂಡು ದಂಡೆಗೆ ಬಂದರೆ ನೀವು ಓದುವುದು ನಿಧಾನ ಓಟದ ಬಣ್ಣ. ಏಕಾಏಕಿ ಬಂದ್ ಮಾಡಿದಾಗ ಬೋಟ್ ಕುಸಿದು ಹಿಂದಿನ ಅಲೆ ಹಿಂಬದಿಯ ಹಲಗೆ ದಾಟಿ ಒಳಗೆ ಬರಬಹುದು, ಲೈಫ್ ಜಾಕೆಟ್ ಇಲ್ಲದೆ ಈ ಕೆಲಸ ಬೇಡ. ಬಿಸಿ ಪ್ಲಗ್ಗಿಗೆ ಪಾನಾ ಹಚ್ಚುವುದು ಇದೊಂದೇ ಸಂದರ್ಭದಲ್ಲಿ, ಅದೂ ಕೈ ಹಗುರವಾಗಿ. ಹೊಸ ಪ್ಲಗ್ಗು ಇಷ್ಟರಲ್ಲಿ ಪೂರ್ತಿ ಬಣ್ಣ ಹಿಡಿಯುವುದಿಲ್ಲ, ಪಿಂಗಾಣಿಯ ಬುಡದಲ್ಲಿ ತೆಳು ಕಂದು ಉಂಗುರ ಕಾಣಬೇಕು. ಎರಡರಲ್ಲೂ ಕಂಡಿತು, ಒಂದೇ ಅಗಲಕ್ಕೆ. ಪ್ಲಗ್ಗಿನ ಹೊರಮೈಯ ಬಿಳಿ ಭಾಗದಲ್ಲಿ, ಲೋಹ ಸೇರುವ ಕಡೆ, ಹಳದಿಗಂದು ಕಲೆ ಮುಂದೆ ಬರಬಹುದು. ಅದಕ್ಕೆ ಹೆದರಬೇಕಿಲ್ಲ. ಹೊರಮೈಯಲ್ಲಿ ಮೇಲಿಂದ ಕೆಳಗೆ ಪೆನ್ಸಿಲಿನಿಂದ ಎಳೆದಂಥ ಗೆರೆ ಬಂದರೆ ಮಾತ್ರ ಕರೆಂಟು ಹೊರಗಿನಿಂದ ಸೋರುತ್ತಿದೆ, ಕ್ಯಾಪ್ ಮತ್ತು ಪ್ಲಗ್ ಎರಡನ್ನೂ ಬದಲಿಸಿ.

ಓಡಿಸುವವರಿಗೆ ಹೇಳಿದ್ದು

2020ರ ಅಕ್ಟೋಬರಿನಲ್ಲಿ ಭೀಮಾ ಊರುಗಳಿಗೆ ನುಗ್ಗಿದಾಗಿನಂಥ ಕೆಲಸದಲ್ಲಿ ಬೋಟ್ ಓಡುವುದಕ್ಕಿಂತ ಓಣಿಗಳಲ್ಲಿ, ಮಾಳಿಗೆಗಳ ಪಕ್ಕ ನಿಂತು ಗುರುಗುಡುವುದೇ ಹೆಚ್ಚು. ಆಗ ಪ್ಲಗ್ಗಿನ ತುದಿ 450 ಡಿಗ್ರಿ ಮುಟ್ಟುವುದೇ ಇಲ್ಲ, ಹೊಚ್ಚ ಹೊಸ ಪ್ಲಗ್ಗಿಗೂ ಮಸಿ ಕೂರುತ್ತದೆ. ಹತ್ತು ಹದಿನೈದು ನಿಮಿಷ ನಿಧಾನ ಓಡಿದ ಮೇಲೆ ಬಯಲು ನೀರಿಗೆ ಬಂದಾಗ ಒಂದು ನಿಮಿಷ ರೇಸ್ ಏರಿಸಿದರೆ ಮಸಿ ಸುಟ್ಟು ಹೋಗುತ್ತದೆ. ಜನ ಹತ್ತಿಸಿಕೊಳ್ಳುವಾಗ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಬಂದ್ ಮಾಡುವುದೇ ಲೇಸು, ಪ್ರಾಪೆಲರ್ ತಿರುಗದಿದ್ದರೆ ಹತ್ತುವವರಿಗೂ ಕ್ಷೇಮ. ಚೋಕ್ ಎಳೆದದ್ದನ್ನು ಒಳಗೆ ತಳ್ಳಲು ಮರೆಯುವುದು ಪ್ಲಗ್ಗು ತೊಯ್ಯುವುದಕ್ಕೆ ಇನ್ನೊಂದು ದೊಡ್ಡ ಕಾರಣ. ಡ್ರಮ್ಮಿನಲ್ಲಿ ಅರ್ಧ ಗಂಟೆ ಓಡಿಸಿ "ಚೆಕ್" ಮಾಡುವ ರೂಢಿಯನ್ನೂ ಬಿಡಿಸಬೇಕಾಯಿತು. ತನ್ನ ಹೊಗೆಯನ್ನೇ ತಾನು ಉಸಿರಾಡಿ ಇಂಜಿನ್ ಪ್ಲಗ್ಗನ್ನು ಕಪ್ಪು ಮಾಡಿಕೊಳ್ಳುತ್ತದೆ. ಐದು ನಿಮಿಷ, ಕಿರುಧಾರೆ ನೋಡುವಷ್ಟು ಸಾಕು.

ಬೋಟಿನಲ್ಲಿ ಈಗ ಒಂದು ಗಿಡ್ಡ ಪಿವಿಸಿ ಪೈಪು, ಎರಡೂ ಬದಿ ತಿರುವುವ ಮುಚ್ಚಳ. ಒಳಗೆ 1.0 ಮಿ.ಮೀ.ಗೆ ಗ್ಯಾಪ್ ಇಟ್ಟು ಬಟ್ಟೆಯಲ್ಲಿ ಸುತ್ತಿದ ಎರಡು ಬಿ7ಎಚ್‌ಎಸ್-10, ಒಂದು ಹೊಸ ಕ್ಯಾಪ್, ಕೆಂಪು ಕ್ಲಿಪ್ಪಿನ ಇನ್ನೊಂದು ಜೋಡಿ. ಕಿಡಿಯೇ ಬರದಿದ್ದರೆ ಮೊದಲು ನೋಡಬೇಕಾದದ್ದು ಆ ಕ್ಲಿಪ್ಪನ್ನು. 21 ನಂಬರ್ ಪಾನಾಕ್ಕೆ ನೈಲಾನ್ ಹಗ್ಗ ಕಟ್ಟಿ ಬೋಟಿನ ಕೊಂಡಿಗೆ ಬಿಗಿದಿದೆ, ಕೈ ಜಾರಿದರೆ ಹೊಳೆ ಪಾಲಾಗದಂತೆ. ಬಿಚ್ಚಿದ ಎರಡು ಹಳೆ ಪ್ಲಗ್ಗುಗಳು ಥರ್ಮಕೋಲಿನ ಮೇಲೆ, ಶೆಡ್ಡಿನ ಗೋಡೆಯಲ್ಲಿ. ಕೆಳಗೆ ಬರೆದದ್ದು: ಮೇಲೆ ಬಿಳಿ, ತಪ್ಪು ನಂಬರ್; ಕೆಳಗೆ ಕಪ್ಪು, 1.35, ಕ್ಯಾಪ್ 27. ಮುಂದಿನ ತಪಾಸಣೆ 50 ಗಂಟೆಗೆ, ಬದಲಿ 100 ಗಂಟೆಗೆ, ಅಥವಾ ಹೊಳೆ ಇಳಿದು ಬೋಟ್ ಶೆಡ್ಡಿಗೆ ಬರುವ ದಿನ, ಯಾವುದು ಮೊದಲೋ ಅದಕ್ಕೆ.